ಮೊದಲ ಕಾದಂಬರಿಯ ಕತೆಯನ್ನು ಯಾರು ಹೇಳಬೇಕು? ನಾಲ್ಕು ನಿರೂಪಣಾ ಕ್ರಮಗಳ ಹೋಲಿಕೆ

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯಲ್ಲಿ ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪನ ಶವಕ್ಕೆ ಯಾರು ಸಂಸ್ಕಾರ ಮಾಡಬೇಕೆಂಬ ಪ್ರಶ್ನೆಗೆ ಇಡೀ ಅಗ್ರಹಾರ ಉತ್ತರ ಹುಡುಕುತ್ತಿರುವಾಗ, ಅವನ ಸಂಗಾತಿ ಚಂದ್ರಿ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರಿಯ ಹೊತ್ತಿನಲ್ಲಿ ಆ ಶವವನ್ನು ಸುಟ್ಟು ಊರು ಬಿಟ್ಟಿರುತ್ತಾಳೆ. ಇದು ಓದುಗರಿಗೆ ಗೊತ್ತು. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರಿಗೆ ಗೊತ್ತಿಲ್ಲ, ಪರಿಹಾರ ಕೇಳಿಕೊಂಡು ಊರೂರು ಅಲೆಯುವ ಬ್ರಾಹ್ಮಣರಿಗೂ ಗೊತ್ತಿಲ್ಲ. ಅಲ್ಲಿಂದ ಮುಂದೆ ಅವರು ಆಡುವ ಪ್ರತಿಯೊಂದು ಮಾತಿಗೂ ಒಂದು ವ್ಯಂಗ್ಯದ ನೆರಳು ಅಂಟಿಕೊಳ್ಳುತ್ತದೆ. ಈ ಕತೆಯನ್ನು ಆಚಾರ್ಯರೇ ‘ನಾನು’ ಎಂದು ಹೇಳಿದ್ದರೆ ಆ ನೆರಳು ಇರುತ್ತಿರಲಿಲ್ಲ. ಘಟನೆಗಳು ಅವೇ ಇದ್ದರೂ ಕಾದಂಬರಿ ಬೇರೆಯದಾಗುತ್ತಿತ್ತು.

ಮೊದಲ ಸಲ ಕಾದಂಬರಿಗೆ ಕೈಹಾಕುವವರು ಕಥಾವಸ್ತು, ಪಾತ್ರ, ಕಾಲ, ಊರು ಇವುಗಳ ಬಗ್ಗೆ ತಿಂಗಳುಗಟ್ಟಲೆ ಯೋಚಿಸಿದರೂ, ಕತೆಯನ್ನು ಹೇಳುವವರು ಯಾರು ಎಂಬುದನ್ನು ಮಾತ್ರ ಮೊದಲ ವಾಕ್ಯ ಬರೆಯುವ ಗಳಿಗೆಯಲ್ಲಿ, ಬಹುಮಟ್ಟಿಗೆ ಅಭ್ಯಾಸಬಲದಿಂದ, ತೀರ್ಮಾನಿಸಿಬಿಡುತ್ತಾರೆ. ಹಸ್ತಪ್ರತಿ ನೂರು ಪುಟ ದಾಟಿದ ಮೇಲೆ ಮುಂದೆ ಸಾಗದೆ ನಿಂತುಹೋದರೆ ಅವರು ದೂರುವುದು ಕಥಾವಸ್ತುವನ್ನು. ನನ್ನ ಅಭಿಪ್ರಾಯದಲ್ಲಿ ಮೊದಲು ಅನುಮಾನಿಸಬೇಕಾದದ್ದು ನಿರೂಪಣೆಯನ್ನು. ಆಯ್ಕೆ ಮಾಡುವಾಗ ಕತೆ ಯಾರಿಗೆ ಚೆನ್ನಾಗಿ ಗೊತ್ತು ಎಂದು ಕೇಳಿಕೊಳ್ಳುವುದು ಎಲ್ಲರೂ ಮಾಡುವ ಕೆಲಸ. ಅದಕ್ಕಿಂತ ಹೆಚ್ಚು ಪ್ರಯೋಜನಕ್ಕೆ ಬರುವ ಪ್ರಶ್ನೆ ಇನ್ನೊಂದಿದೆ: ಈ ಕತೆ ನಿಲ್ಲಬೇಕಾದರೆ ಯಾರಿಗೆ, ಯಾವುದು, ಎಲ್ಲಿಯವರೆಗೆ ಗೊತ್ತಾಗಬಾರದು?

ಹೋಲಿಕೆಗೆ ಅನುಕೂಲವಾಗಲೆಂದು ಒಂದು ಕಲ್ಪಿತ ಪ್ರಸಂಗವನ್ನು ಇಟ್ಟುಕೊಳ್ಳೋಣ. ಮಲೆನಾಡಿನ ಒಂದು ಮನೆಯಲ್ಲಿ ತಂದೆ ತೀರಿಕೊಂಡ ವರ್ಷದೊಳಗೆ ಹಿರಿಯ ಮಗ ಮಂಜಪ್ಪ ಅಡಿಕೆ ತೋಟವನ್ನು ಮಾರಲು ಹೊರಟಿದ್ದಾನೆ. ತಂಗಿ ಸಾವಿತ್ರಿಯ ಸಹಿಯಿಲ್ಲದೆ ಕ್ರಯಪತ್ರ ನೋಂದಣಿಯಾಗುವಂತಿಲ್ಲ. ಅದು ಯಾವ ಕಾಗದವೆಂದು ಅವಳಿಗೆ ಬಿಡಿಸಿ ಹೇಳದೆ ಅವನು ಅವಳನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆತಂದಿದ್ದಾನೆ. ಅವಳು ಸಹಿ ಹಾಕುತ್ತಾಳೆ. ಇಷ್ಟೇ ನಡೆಯುವುದು.

ಮೊದಲನೆಯ ಕ್ರಮದಲ್ಲಿ ಕತೆಯ ನಡುವೆ ನಿಂತವನೇ ಹೇಳುತ್ತಾನೆ. ಮಂಜಪ್ಪನ ಬಾಯಿಂದ ಅದು ಹೀಗೆ ಬರಬಹುದು: “ಸಹಿ ಹಾಕುವ ಮೊದಲು ಸಾವಿತ್ರಿ ನನ್ನ ಮುಖ ನೋಡಿದಳು. ನಾನು ಪತ್ರ ಬರಹಗಾರನ ಹತ್ತಿರ ಚಿಲ್ಲರೆಯ ವಿಷಯ ಮಾತಾಡುತ್ತಿದ್ದೆ.” ಇಲ್ಲಿ ಅವನು ತನ್ನ ತಪ್ಪನ್ನು ಒಪ್ಪಿಕೊಂಡಿಲ್ಲ, ಆದರೆ ಓದುಗರಿಗೆ ಅದು ಕಾಣಿಸಿತು. ಉತ್ತಮ ಪುರುಷ ನಿರೂಪಣೆಯ ನಿಜವಾದ ಶಕ್ತಿ ಈ ಅಂತರದಲ್ಲಿದೆ. ಹೇಳುವವನು ಮುಚ್ಚಿಡಲು ಯತ್ನಿಸಿದ್ದು ಅವನ ಮಾತಿನ ಸಂದಿಯಿಂದಲೇ ಹೊರಬರಬೇಕು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕಿರುಕಾದಂಬರಿಯ ಹೆಸರಿಲ್ಲದ ನಿರೂಪಕ ಕಾಫಿ ಹೌಸಿನಲ್ಲಿ ಕುಳಿತು ತನ್ನ ಕುಟುಂಬದ ಏಳಿಗೆಯನ್ನು ಶಾಂತವಾಗಿ, ಸಮಾಧಾನದ ಧ್ವನಿಯಲ್ಲಿ ವಿವರಿಸುತ್ತಾ ಹೋಗುತ್ತಾನೆ. ಚಿಕ್ಕಪ್ಪನ ಮಸಾಲೆ ವ್ಯಾಪಾರದ ಹಣ ಆ ಮನೆಯ ಮನಸ್ಸುಗಳಿಗೆ ಏನು ಮಾಡಿತೆಂಬುದನ್ನು ಅವನು ಹೇಳುವುದಕ್ಕಿಂತ ಹೆಚ್ಚಾಗಿ ನಾವು ಊಹಿಸುತ್ತೇವೆ. ಆ ಊಹೆಯ ಭಯ ಪುಸ್ತಕ ಮುಗಿದ ಮೇಲೂ ಇಳಿಯುವುದಿಲ್ಲ.

ಹೊಸಬರು ಈ ಕ್ರಮವನ್ನು ಆರಿಸಿಕೊಳ್ಳುವುದು ಬೇರೆಯೇ ಕಾರಣಕ್ಕೆ. ಅದು ಸುಲಭ, ಸಹಜ, ದಿನಚರಿ ಬರೆದ ಹಾಗೆ ಎಂಬ ನಂಬಿಕೆ ಬಲವಾಗಿದೆ. ಪರಿಣಾಮವಾಗಿ ‘ನಾನು’ ಎಂಬವನು ಎಲ್ಲವನ್ನೂ ಬಲ್ಲವನಾಗಿ, ತನ್ನ ಭಾವನೆಗಳನ್ನು ತಾನೇ ವಿವರಿಸುವವನಾಗಿ, ಲೇಖಕನ ಅಭಿಪ್ರಾಯಗಳನ್ನು ಹೊತ್ತು ತಿರುಗುವವನಾಗಿ ಬಿಡುತ್ತಾನೆ. ಅಂಥ ನಿರೂಪಕನಿಗೂ ಲೇಖಕನಿಗೂ ನಡುವೆ ಒಂದು ಕೂದಲೆಳೆಯ ಸಂದೂ ಉಳಿಯುವುದಿಲ್ಲ, ಆದ್ದರಿಂದ ಓದುಗರಿಗೆ ಮಾಡಲು ಕೆಲಸವೂ ಉಳಿಯುವುದಿಲ್ಲ. ನಿಮ್ಮ ನಿರೂಪಕ ಯಾವ ವಿಷಯದಲ್ಲಿ ಸುಳ್ಳು ಹೇಳುತ್ತಾನೆ, ಅಥವಾ ಯಾವುದನ್ನು ಕಂಡೂ ಕಾಣದವನಂತಿರುತ್ತಾನೆ ಎಂಬುದಕ್ಕೆ ನಿಮ್ಮಲ್ಲಿ ಉತ್ತರವಿಲ್ಲದಿದ್ದರೆ ಈ ಕ್ರಮವನ್ನು ಬಿಡುವುದೇ ಒಳ್ಳೆಯದು.

ಕನ್ನಡದಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ‘ಅವನು’, ‘ಅವಳು’ ಎಂದು ಹೇಳುವ ಪ್ರಥಮ ಪುರುಷದ ಕಾದಂಬರಿಯಲ್ಲಿ ನಿರೂಪಣೆ ಬರಹದ ಕನ್ನಡದಲ್ಲಿದ್ದು ಸಂಭಾಷಣೆ ಮಾತ್ರ ಊರಿನ ಮಾತಿನಲ್ಲಿದ್ದರೆ ಯಾರೂ ಆಕ್ಷೇಪಿಸುವುದಿಲ್ಲ. ಆ ಒಪ್ಪಂದಕ್ಕೆ ನಾವು ಹಲವು ತಲೆಮಾರುಗಳಿಂದ ಒಗ್ಗಿಹೋಗಿದ್ದೇವೆ. ಆದರೆ ಮಂಜಪ್ಪನೇ ಹೇಳುವವನಾದಾಗ, ತಮ್ಮನೊಡನೆ ತನ್ನೂರಿನ ಆಡುಮಾತಿನಲ್ಲಿ ಜಗಳವಾಡುವ ಮನುಷ್ಯ ಮರುಕ್ಷಣವೇ ಓದುಗರೊಡನೆ ಪಠ್ಯಪುಸ್ತಕದ ಕನ್ನಡದಲ್ಲಿ ಮಾತಾಡತೊಡಗಿದರೆ ಕಿವಿಗೆ ಅಪಸ್ವರ ಬೀಳುತ್ತದೆ. ಪೂರ್ತಿ ಆಡುಮಾತಿನಲ್ಲೇ ಬರೆಯುತ್ತೇನೆಂದರೆ ಅದಕ್ಕೆ ಬೇಕಾದ ಸಿದ್ಧತೆ ದೊಡ್ಡದು. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಸಂಭಾಷಣೆಯ ಗೋಡೆಯನ್ನು ದಾಟಿ ನಿರೂಪಣೆಯನ್ನೇ ನಂಜನಗೂಡು ಸೀಮೆಯ ಮಾತಿಗೆ ಒಪ್ಪಿಸಿದ ಕೃತಿ. ಗಟ್ಟಿಯಾಗಿ ಓದಿದಾಗ ಅದು ತೆರೆದುಕೊಳ್ಳುವ ರೀತಿಯೇ ಬೇರೆ. ಆದರೆ ಅದರ ಹಿಂದಿರುವುದು ಜನಪದ ಕಥನದ ಇಡೀ ಉಸಿರಾಟ, ಬರಿಯ ಉಚ್ಚಾರಣೆಯ ಅನುಕರಣೆಯಲ್ಲ. ಆ ಮಟ್ಟದ ಕಿವಿ ಇಲ್ಲದವರಿಗೆ ನಾನು ಹೇಳಬಹುದಾದದ್ದು ಇಷ್ಟು: ಕ್ರಿಯಾಪದಗಳು ಬರಹದ ರೂಪದಲ್ಲೇ ಇರಲಿ, ಶಬ್ದಗಳು, ವಾಕ್ಯದ ಉದ್ದ ಮತ್ತು ಬೈಗುಳಗಳು ನಿರೂಪಕನ ಊರಿನಿಂದ ಬರಲಿ.

ಎರಡನೆಯ ಕ್ರಮದಲ್ಲಿಯೂ ಹೇಳುವವನು ‘ನಾನು’ ಎನ್ನುತ್ತಾನೆ, ಆದರೆ ಕತೆ ಅವನದಲ್ಲ. ಅವನು ಪಕ್ಕದಲ್ಲಿದ್ದವನು, ನೋಡಿದವನು, ಕೇಳಿದವನು. ನಮ್ಮ ಪ್ರಸಂಗದಲ್ಲಿ ಅಣ್ಣತಂಗಿಯರನ್ನು ಕರೆದೊಯ್ದ ಜೀಪಿನ ಚಾಲಕ ಎಂದಿಟ್ಟುಕೊಳ್ಳಿ: “ಒಳಗೆ ನಡೆದದ್ದನ್ನು ನಾನು ನೋಡಲಿಲ್ಲ, ಜೀಪಿನ ಹತ್ತಿರವೇ ನಿಂತಿದ್ದೆ. ಸಾವಿತ್ರಮ್ಮ ಒಂದು ಮಾತೂ ಕೇಳದೆ ಸಹಿ ಹಾಕಿದರಂತೆ. ಹೋಗುವಾಗ ಮುಂದೆ ನನ್ನ ಪಕ್ಕದಲ್ಲಿ ಕೂತಿದ್ದ ಮಂಜಪ್ಪಣ್ಣ ಬರುವಾಗ ಹಿಂದೆ ಹೋಗಿ ಕೂತರು.” ಚಾಲಕನಿಗೆ ಕ್ರಯಪತ್ರದ ವಿಷಯ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಕುಳಿತ ಜಾಗ ಬದಲಾದದ್ದು. ಆದರೂ ನಾಲ್ಕು ಉದಾಹರಣೆಗಳಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಇದೇ.

ಕನ್ನಡ ಕಾದಂಬರಿಯ ಕೆಲವು ಅತ್ಯುತ್ತಮ ಪುಟಗಳು ಈ ಸಾಕ್ಷಿ ನಿರೂಪಕನ ಬಾಯಿಂದ ಬಂದಿವೆ ಎಂಬುದನ್ನು ಹೊಸ ಬರಹಗಾರರು ಸಾಕಷ್ಟು ಗಮನಿಸಿಲ್ಲವೆಂದು ನನಗನಿಸುತ್ತದೆ. ಶಿವರಾಮ ಕಾರಂತರ ‘ಬೆಟ್ಟದ ಜೀವ’ದ ನಿರೂಪಕ ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿ ಗೋಪಾಲಯ್ಯನವರ ಮನೆ ಸೇರಿದ ಅತಿಥಿ. ಬೆಟ್ಟವನ್ನು ತೋಟವಾಗಿಸಿದ ಆ ವೃದ್ಧ ದಂಪತಿಯ ಉತ್ಸಾಹ, ಉಪಚಾರಗಳನ್ನು ಅವನು ಮೊದಲು ಕಾಣುತ್ತಾನೆ. ಮನೆ ಬಿಟ್ಟು ಹೋದ ಮಗನ ದುಃಖ ಅವನಿಗೆ ತಿಳಿಯುವುದು ನಿಧಾನವಾಗಿ, ಅತಿಥಿಗೆ ಎಷ್ಟು ತಿಳಿಯಬಹುದೋ ಅಷ್ಟಷ್ಟೇ. ಗೋಪಾಲಯ್ಯನವರೇ ಕತೆ ಹೇಳಿದ್ದರೆ ಒಂದೋ ಅವರು ಮಗನ ಮಾತನ್ನೇ ಎತ್ತುತ್ತಿರಲಿಲ್ಲ, ಇಲ್ಲವೇ ಮೊದಲ ಪುಟದಲ್ಲೇ ಅತ್ತುಬಿಡುತ್ತಿದ್ದರು. ಕಾರಂತರು ‘ಅಳಿದ ಮೇಲೆ’ಯಲ್ಲಿ ಇದೇ ಕ್ರಮವನ್ನು ಇನ್ನೂ ಮುಂದಕ್ಕೆ ಒಯ್ದು, ಸತ್ತುಹೋದ ಒಬ್ಬನ ಬದುಕನ್ನು ಅವನನ್ನು ಅರೆಬರೆ ಬಲ್ಲ ಇನ್ನೊಬ್ಬ ತುಣುಕು ತುಣುಕಾಗಿ ಹುಡುಕಿ ಜೋಡಿಸುವಂತೆ ಮಾಡಿದರು.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಇನ್ನೂ ಸ್ಪಷ್ಟ ನಿದರ್ಶನ. ಅಲ್ಲಿನ ವಿಜ್ಞಾನಿ ಕರ್ವಾಲೊ ಅವರಿಗೆ ತಾವು ಹುಡುಕುತ್ತಿರುವ ಹಾರುವ ಓತಿಯ ಮಹತ್ವ ಗೊತ್ತು, ಮಂದಣ್ಣನಿಗೆ ಕಾಡು ಗೊತ್ತು. ನಿರೂಪಕನಾದ ಕೃಷಿಕನಿಗೆ ಇವೆರಡೂ ಪೂರ್ತಿ ಗೊತ್ತಿಲ್ಲ. ಮಂದಣ್ಣನಂಥ ಹಳ್ಳಿಯ ಹುಡುಗನಲ್ಲಿ ಈ ವಿಜ್ಞಾನಿ ಏನು ಕಂಡರೆಂಬ ಅವನ ಗೊಂದಲವೇ ನಮ್ಮ ಗೊಂದಲವಾಗುತ್ತದೆ, ಅವನಿಗೆ ಕಣ್ಣು ತೆರೆದಂತೆ ನಮಗೂ ತೆರೆಯುತ್ತದೆ. ಅಸಾಮಾನ್ಯ ವ್ಯಕ್ತಿಯೊಬ್ಬರ ಸುತ್ತ ನಿಮ್ಮ ಕತೆ ಕಟ್ಟಿಕೊಂಡಿದ್ದರೆ, ಅಂದರೆ ಅದು ಹಟಮಾರಿ ಅಜ್ಜಿಯಿರಲಿ, ಕಲಾವಿದನಿರಲಿ, ಊರು ಕಟ್ಟಿದ ಮುಖಂಡನಿರಲಿ, ಅವರ ತಲೆಯೊಳಗೆ ಹೋಗುವ ಸಾಹಸಕ್ಕಿಂತ ಅವರ ಪಕ್ಕದಲ್ಲಿ ಒಬ್ಬ ಸಾಧಾರಣ ಮನುಷ್ಯನನ್ನು ನಿಲ್ಲಿಸುವುದು ಹೆಚ್ಚು ಫಲ ಕೊಡುತ್ತದೆ.

ಈ ಕ್ರಮಕ್ಕೆ ನಮ್ಮ ಭಾಷೆ ಕೊಡುವ ನೆರವೂ ದೊಡ್ಡದು. ‘ಹಾಕಿದರಂತೆ’ ಎಂಬ ಒಂದೇ ಕ್ರಿಯಾಪದದಲ್ಲಿ ಇದು ನಾನು ಕಂಡದ್ದಲ್ಲ, ಕೇಳಿದ್ದು ಎಂಬ ಸೂಚನೆ ಬಂದುಬಿಡುತ್ತದೆ. ‘ಹಾಕಿರಬೇಕು’ ಎಂದರೆ ಅದು ಊಹೆ. ಕಂಡದ್ದು, ಕೇಳಿದ್ದು, ಊಹಿಸಿದ್ದು ಎಂಬ ಮೂರು ಪದರಗಳನ್ನು ಬೇರೆ ವಿವರಣೆಯಿಲ್ಲದೆ ಹೆಣೆಯಬಹುದು. ಹಾಗೆಂದು ಸಾಕ್ಷಿ ನಿರೂಪಕ ಎಲ್ಲ ಕಡೆಯೂ ಸಲ್ಲುತ್ತಾನೆಂದಲ್ಲ. ಅವನು ಮುಖ್ಯ ಘಟನೆಗಳ ಹತ್ತಿರದಲ್ಲಿರಲು ನಂಬಲರ್ಹವಾದ ಕಾರಣ ಬೇಕು. ಪ್ರತಿ ಅಧ್ಯಾಯದಲ್ಲೂ ಅವನು ಆಕಸ್ಮಿಕವಾಗಿ ಬಾಗಿಲ ಹಿಂದೆ ನಿಂತಿದ್ದು ಗುಟ್ಟು ಕೇಳಿಸಿಕೊಳ್ಳುವ ಪರಿಸ್ಥಿತಿ ಬಂದರೆ ಕತೆ ನಗೆಪಾಟಲಾಗುತ್ತದೆ. ಅವನಿಗೆ ಕಳೆದುಕೊಳ್ಳಲು ಸ್ವಂತದ್ದೇನಾದರೂ ಇರಬೇಕೆಂಬುದೂ ಮುಖ್ಯ. ಮಂಜಪ್ಪನ ಜೀಪಿನ ಬಾಡಿಗೆಯನ್ನೇ ನಂಬಿ ಬದುಕುವ ಚಾಲಕನಾದರೆ ಅವನು ಯಾವುದನ್ನು ನುಂಗಿಕೊಳ್ಳುತ್ತಾನೆಂಬುದೂ ಕತೆಯ ಭಾಗವಾಗುತ್ತದೆ.

ಮೂರನೆಯದು ಪ್ರಥಮ ಪುರುಷದಲ್ಲಿ, ಆದರೆ ಒಬ್ಬರಿಗೇ ಅಂಟಿಕೊಂಡು ಹೇಳುವ ಕ್ರಮ. “ಸಾವಿತ್ರಿ ಪೆನ್ನು ಹಿಡಿದಳು. ಅಣ್ಣ ಯಾಕೆ ಅತ್ತ ತಿರುಗಿದ? ತಾನು ಕೇಳಬೇಕಿತ್ತು, ನಿನ್ನೆ ರಾತ್ರಿ ಬಡಿಸುವಾಗಲೇ ಕೇಳಬೇಕಿತ್ತು.” ಇಲ್ಲಿ ‘ಎಂದು ಅವಳು ಯೋಚಿಸಿದಳು’ ಎಂಬ ಬಾಲಂಗೋಚಿ ಬೇಕಾಗಲಿಲ್ಲ. ‘ಅಣ್ಣ’ ಎಂಬ ಸಂಬೋಧನೆ ಮತ್ತು ‘ತಾನು’ ಎಂಬ ಸರ್ವನಾಮ ನಮ್ಮನ್ನು ಸದ್ದಿಲ್ಲದೆ ಅವಳ ಮನಸ್ಸಿನೊಳಗೆ ಕೂರಿಸಿದವು. ಬೇಕೆಂದಾಗ ಹೊರಗೆ ಬಂದು ಕಚೇರಿಯನ್ನೋ ಮಳೆಯನ್ನೋ ವರ್ಣಿಸುವ ಸ್ವಾತಂತ್ರ್ಯವೂ ಉಳಿಯಿತು. ನಿರೂಪಣೆಯ ಭಾಷೆ ಸಾವಿತ್ರಿಯ ಓದುಬರಹದ ಮಟ್ಟಕ್ಕೆ ಕಟ್ಟುಬೀಳಬೇಕಾಗಿಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಬಹುಮಟ್ಟಿಗೆ ಹೀಗೆ ನಾಗಪ್ಪನ ಪ್ರಜ್ಞೆಗೆ ಅಂಟಿಕೊಂಡು ಸಾಗುತ್ತದೆ. ಮುಂಬಯಿಯ ಕಂಪನಿಯಲ್ಲಿ ತನ್ನ ವಿರುದ್ಧ ನಡೆಯುತ್ತಿರುವ ಸಂಚಿನಲ್ಲಿ ಎಷ್ಟು ವಾಸ್ತವ, ಎಷ್ಟು ಅವನ ಭೀತಿಯ ಸೃಷ್ಟಿ ಎಂಬುದು ಅವನಿಗೆ ತಿಳಿಯದಂತೆ ನಮಗೂ ತಿಳಿಯುವುದಿಲ್ಲ. ಬೇಟೆಗೆ ಸಿಕ್ಕವನ ಉಸಿರುಗಟ್ಟುವಿಕೆ ಬೇರಾವ ದಾರಿಯಿಂದಲೂ ಅಷ್ಟು ಹತ್ತಿರ ಬರುತ್ತಿರಲಿಲ್ಲ.

ಮೊದಲ ಕಾದಂಬರಿಗೆ ಯಾವುದು ತಕ್ಕುದೆಂದು ಯಾರಾದರೂ ಹೆಚ್ಚಿನ ವಿವರ ಕೊಡದೆ ಕೇಳಿದರೆ ನಾನು ಸೂಚಿಸುವುದು ಈ ಮೂರನೆಯ ಕ್ರಮವನ್ನು. ತಪ್ಪುಗಳು ಇದರಲ್ಲಿ ಬೇಗ ಕಣ್ಣಿಗೆ ಬೀಳುತ್ತವೆ, ತಿದ್ದುವುದೂ ಸುಲಭ. ಇದರ ನಿಯಮ ಒಂದೇ: ಸಾವಿತ್ರಿ ಇಲ್ಲದ ಕೋಣೆಯೊಳಗೆ ನೀವು ಹೋಗುವಂತಿಲ್ಲ, ಅವಳ ಎದುರಿಗಿರುವವರ ಮನಸ್ಸನ್ನು ಓದುವಂತಿಲ್ಲ. ‘ಅಣ್ಣನಿಗೆ ಒಳಗೊಳಗೇ ನಾಚಿಕೆಯಾಯಿತು’ ಎಂಬ ಒಂದು ವಾಕ್ಯ ನುಸುಳಿದರೂ ಕಟ್ಟಿದ್ದೆಲ್ಲ ಸಡಿಲವಾಗುತ್ತದೆ. ಆ ನಾಚಿಕೆ ಅವನ ಕೈಯಲ್ಲಿ, ಕಣ್ಣಿನಲ್ಲಿ, ಅವಸರದಲ್ಲಿ ಕಾಣಬೇಕು. ಈ ಕಟ್ಟುಪಾಡು ಹೊಸ ಬರಹಗಾರರಿಂದ ದೃಶ್ಯಗಳನ್ನು ಬರೆಯಿಸುತ್ತದೆ, ವಿವರಣೆಯ ಚಪಲವನ್ನು ಹತ್ತಿಕ್ಕುತ್ತದೆ. ಎರಡು ಪಾತ್ರಗಳ ಒಳಗು ಬೇಕೇ ಬೇಕೆಂದರೆ ಅಧ್ಯಾಯದಿಂದ ಅಧ್ಯಾಯಕ್ಕೆ ಬದಲಿಸಬಹುದು. ಒಂದೇ ದೃಶ್ಯದೊಳಗೆ ಬದಲಿಸಬಾರದು.

ನಾಲ್ಕನೆಯದು ಎಲ್ಲವನ್ನೂ ಬಲ್ಲ ನಿರೂಪಕ. “ಸಾವಿತ್ರಿ ಸಹಿ ಹಾಕಿದಳು. ಕಾಗದದಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಕೇಳುವುದಿಲ್ಲವೆಂದು ಮಂಜಪ್ಪನಿಗೆ ಗೊತ್ತಿತ್ತು. ಪತ್ರ ಬರಹಗಾರನಿಗೆ ಎರಡೂ ಗೊತ್ತಿತ್ತು, ಆದರೆ ಅವನ ಲಕ್ಷ್ಯವೆಲ್ಲ ಹನ್ನೆರಡೂವರೆಯ ಬಸ್ಸಿನ ಮೇಲಿತ್ತು.” ಕತೆ ಒಬ್ಬ ವ್ಯಕ್ತಿಯದಾಗಿರದೆ ಒಂದು ಊರಿನದೋ ಕುಲದ್ದೋ ಕಾಲದ್ದೋ ಆಗಿದ್ದಾಗ ಇದಕ್ಕೆ ಸಾಟಿಯಿಲ್ಲ. ರಾವಬಹಾದ್ದೂರರ ‘ಗ್ರಾಮಾಯಣ’ದಲ್ಲಿ ಹಳ್ಳಿಯೇ ನಾಯಕ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಹಲವು ಮನೆತನಗಳ, ಹಲವು ಜಾತಿಗಳ ಬದುಕನ್ನು ಒಟ್ಟಿಗೆ ಹಿಡಿದು, ಗುತ್ತಿಯನ್ನೂ ಅವನ ನಾಯಿ ಹುಲಿಯನನ್ನೂ ಒಂದೇ ಅಕ್ಕರೆಯಿಂದ ಹಿಂಬಾಲಿಸುತ್ತದೆ.

ಕುವೆಂಪು ಅವರನ್ನು ಓದಿ ಬೆರಗಾದವರು ಅದೇ ಸ್ವಾತಂತ್ರ್ಯವನ್ನು ಬಯಸುವುದು ಸಹಜ, ಸೋಲುವುದೂ ಅಲ್ಲಿಯೇ. ಅವರ ಕಾದಂಬರಿಯ ಹೊಸ್ತಿಲಲ್ಲೇ ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂಬ ನಿಲುವಿನ ಘೋಷಣೆಯಿದೆ. ನಿರೂಪಕ ಯಾವ ಮನಸ್ಸಿನೊಳಗೆ ಇಳಿದರೂ ಆ ನಿಲುವು ಅವನ ಜೊತೆಯಲ್ಲೇ ಇಳಿಯುತ್ತದೆ, ಆದ್ದರಿಂದ ಧ್ವನಿ ಚದುರುವುದಿಲ್ಲ. ಹೊಸಬರ ಹಸ್ತಪ್ರತಿಗಳಲ್ಲಿ ಸರ್ವಜ್ಞ ನಿರೂಪಕ ಎಂದು ಕರೆಯಲಾಗುವುದು ಎಷ್ಟೋ ಸಲ ಯಾರ ತಲೆಯಲ್ಲಿರಬೇಕೆಂದು ತೀರ್ಮಾನಿಸಲಾರದ ಲೇಖಕ ಅಷ್ಟೇ. ಅವನಿಗೆ ಸ್ವಂತ ವಯಸ್ಸಿಲ್ಲ, ಹಾಸ್ಯವಿಲ್ಲ, ಸಿಟ್ಟಿಲ್ಲ. ಮೇಲಿನ ಉದಾಹರಣೆಯಲ್ಲಿ ಬಸ್ಸಿನ ಮಾತು ಬಂದದ್ದು ಮಾಹಿತಿಗಾಗಿ ಅಲ್ಲ. ಈ ಮೂವರನ್ನೂ ತುಸು ದೂರದಿಂದ ನೋಡಿ ನಗಬಲ್ಲ ಒಬ್ಬರು ಕತೆ ಹೇಳುತ್ತಿದ್ದಾರೆಂದು ತಿಳಿಯಲಿ ಎಂದು. ಹಾಗೆ ನಿಮ್ಮ ನಿರೂಪಕನ ಸ್ವಭಾವವನ್ನು ಒಂದು ಪುಟದಲ್ಲಿ ಬರೆಯಲು ಆಗುವಂತಿದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಹಲವರು ಸರದಿಯಂತೆ ಹೇಳುವ ಕ್ರಮವೂ ಇದೆ, ಅದಕ್ಕೆ ಎಸ್.ಎಲ್. ಭೈರಪ್ಪನವರ ‘ಪರ್ವ’ (1979)ವನ್ನು ಉದಾಹರಿಸುವುದು ವಾಡಿಕೆ. ಶಲ್ಯ, ಕುಂತಿ, ಭೀಮ, ದ್ರೌಪದಿ, ಕರ್ಣ ಇವರೆಲ್ಲ ಒಬ್ಬೊಬ್ಬರಾಗಿ ತಮ್ಮ ನೆನಪುಗಳೊಳಗೆ ಇಳಿಯುತ್ತಾರೆ, ಓದುಗರು ಎಲ್ಲಿಯೂ ದಾರಿ ತಪ್ಪುವುದಿಲ್ಲ. ಏಕೆಂದರೆ ಮಹಾಭಾರತದ ಕತೆ ಅವರಿಗೆ ಮೊದಲೇ ಗೊತ್ತು. ನಿಮ್ಮ ಸ್ವಂತ ಕಲ್ಪನೆಯ ಕತೆಯನ್ನು ಆರು ಜನರ ಬಾಯಿಗೆ ಹಂಚಿದರೆ ಆ ಆಧಾರ ಇರುವುದಿಲ್ಲ. ಪತ್ರಗಳ ಅಥವಾ ದಿನಚರಿಯ ರೂಪದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಉತ್ತಮ ಪುರುಷದ್ದೇ ಒಂದು ಬಗೆ.

ಯಾವ ಕ್ರಮವನ್ನೇ ಆರಿಸಿದರೂ ಕನ್ನಡದ ಬರಹಗಾರರು ಮೊದಲ ಪುಟಕ್ಕೂ ಮುಂಚೆ ತೀರ್ಮಾನಿಸಬೇಕಾದ ಒಂದು ವಿಷಯವಿದೆ, ಅದು ಏಕವಚನ ಬಹುವಚನದ ಪ್ರಶ್ನೆ. ಜೀಪಿನ ಚಾಲಕ ‘ಸಾವಿತ್ರಮ್ಮ ಹಾಕಿದರಂತೆ’ ಎಂದ. ಸರ್ವಜ್ಞ ನಿರೂಪಕ ‘ಸಾವಿತ್ರಿ ಹಾಕಿದಳು’ ಎಂದ. ಚಾಲಕನಿಗೆ ಬೇರೆ ದಾರಿಯಿಲ್ಲ, ಅವನ ಸ್ಥಾನವೇ ಅದನ್ನು ನಿರ್ಧರಿಸಿತು. ಪ್ರಥಮ ಪುರುಷದ ನಿರೂಪಕನಿಗೆ ಮಾತ್ರ ಆಯ್ಕೆಯಿದೆ, ಆ ಆಯ್ಕೆಯಲ್ಲಿ ಅವನ ನಿಲುವು ಬಯಲಾಗುತ್ತದೆ. ‘ಸಂಸ್ಕಾರ’ದಲ್ಲಿ ಆಚಾರ್ಯರಿಗೆ ಬಹುವಚನ, ನಾರಣಪ್ಪನಿಗೂ ಚಂದ್ರಿಗೂ ಏಕವಚನ; ಅಗ್ರಹಾರದ ಮರ್ಯಾದೆಯ ಲೆಕ್ಕ ನಿರೂಪಣೆಯೊಳಗೂ ನಡೆಯುತ್ತಿದೆ. ಮನೆಯ ಯಜಮಾನನಿಗೆ ‘ಬಂದರು’, ಕೆಲಸದಾಳಿಗೆ ‘ಬಂದ’ ಎಂದು ಯೋಚಿಸದೆ ಬರೆದುಕೊಂಡು ಹೋದರೆ ನಿಮ್ಮ ನಿರೂಪಕ ಯಜಮಾನನ ಜಗುಲಿಯಲ್ಲಿ ಕುಳಿತಿದ್ದಾನೆಂದೇ ಓದುಗರು ತಿಳಿಯುತ್ತಾರೆ. ಅದು ನಿಮ್ಮ ಉದ್ದೇಶವಾಗಿದ್ದರೆ ಸರಿ. ಇಲ್ಲವಾದರೆ ಎಲ್ಲರಿಗೂ ಏಕವಚನ ಬಳಸುವ ಧೈರ್ಯ ಮಾಡಬಹುದು. ಒಬ್ಬರಿಗೇ ಅಂಟಿಕೊಂಡ ಕ್ರಮದಲ್ಲಾದರೆ ಆ ಪಾತ್ರ ಯಾರನ್ನು ಹೇಗೆ ಕಾಣುತ್ತದೋ ಹಾಗೆಯೇ ಬಿಡಬಹುದು.

ಗೊಂದಲ ಉಳಿದರೆ ಕಾದಂಬರಿಯ ಮೊದಲ ದೃಶ್ಯವನ್ನು ಬಿಟ್ಟು, ನಡುವಿನ ಅತ್ಯಂತ ಕಷ್ಟದ ಒಂದು ದೃಶ್ಯವನ್ನು ಎರಡು ಕ್ರಮಗಳಲ್ಲಿ ಎರಡೆರಡು ಪುಟ ಬರೆದು ನೋಡಿ. ಆರಂಭದ ದೃಶ್ಯ ಯಾವ ಕ್ರಮದಲ್ಲಿ ಬರೆದರೂ ಚೆಂದವಾಗಿಯೇ ಕಾಣುತ್ತದೆ, ಆದ್ದರಿಂದ ಅದು ಪರೀಕ್ಷೆಗೆ ಒದಗುವುದಿಲ್ಲ. ಎರಡರಲ್ಲಿ ಯಾವುದು ನಿಮ್ಮಿಂದ ಕಡಿಮೆ ವಿವರಣೆ ಕೇಳಿತೋ ಅದನ್ನು ಹಿಡಿಯಿರಿ.

ಈಗಾಗಲೇ ಅರ್ಧ ಕಾದಂಬರಿ ಬರೆದು ಕ್ರಮ ತಪ್ಪಿತೆಂದು ಅನಿಸಿದವರು ‘ನಾನು’ ಎಂಬಲ್ಲೆಲ್ಲ ‘ಅವಳು’ ಎಂದು ಹಾಕಿ ಕ್ರಿಯಾಪದಗಳನ್ನು ತಿದ್ದಿದರೆ ಕೆಲಸ ಮುಗಿಯುವುದಿಲ್ಲ. ನಿರೂಪಕಿ ತನ್ನನ್ನು ಸಮರ್ಥಿಸಿಕೊಳ್ಳಲೆಂದು ಆಡಿದ ವಾಕ್ಯಗಳು ‘ಅವಳು’ ಬಂದೊಡನೆ ಲೇಖಕನ ವಕೀಲಿಯಂತೆ ಕೇಳಿಸತೊಡಗುತ್ತವೆ, ಅವನ್ನು ಪೂರ್ತಿ ಕಿತ್ತುಹಾಕಬೇಕು. ಅವಳು ಇತರರಿಂದ ಕೇಳಿ ತಿಳಿದಳೆಂದು ಸಂಕ್ಷೇಪವಾಗಿ ಹೇಳಿದ ಘಟನೆಗಳಲ್ಲಿ ಯಾವುದಕ್ಕೆ ಅವಳು ನೇರವಾಗಿ ಎದುರಾಗಬೇಕು, ಯಾವುದು ಅವಳಿಗೆ ಕೊನೆಯವರೆಗೂ ತಿಳಿಯಬಾರದು ಎಂದು ಹೊಸದಾಗಿ ನಿರ್ಧರಿಸಬೇಕು. ಹಳೆಯ ಕಡತವನ್ನು ತೆರೆದಿಟ್ಟುಕೊಂಡು ತಿದ್ದುವುದಕ್ಕಿಂತ ಅದನ್ನು ಮುಚ್ಚಿಟ್ಟು ಅಧ್ಯಾಯವನ್ನು ನೆನಪಿನಿಂದ ಮತ್ತೆ ಬರೆಯುವುದು ಕಡಿಮೆ ಸಮಯ ತೆಗೆದುಕೊಳ್ಳುತ್ತದೆ. ಹೊಸ ಕ್ರಮಕ್ಕೆ ಬೇಡದ ವಾಕ್ಯಗಳಲ್ಲಿ ಹೆಚ್ಚಿನವು ಆಗ ನೆನಪಿಗೇ ಬರುವುದಿಲ್ಲ.